ಲೋಕದ ಚಂದಾ ಪಟ್ಟಿ

ಊರು ಬಿಟ್ಟು ಬಂದ ಕನ್ನಡಿಗರು ಎಲ್ಲಿ ನೆಲೆಸಿದರೂ ಮೊದಲು ಒಂದು ಸಂಘ ಕಟ್ಟುತ್ತಾರೆ. ಆಮೇಲೆ ಆ ಸಂಘಕ್ಕೊಂದು ಸ್ವಂತ ಸೂರು ಬೇಕೆಂದು ಚಂದಾ ಪಟ್ಟಿ ಹಿಡಿದು ಮನೆಮನೆಗೆ ಹೊರಡುತ್ತಾರೆ. ಹಾಗೆ ತಿರುಗಿದವರೆಲ್ಲರೂ ಒಂದು ಮಾತನ್ನು ಬಲ್ಲರು: ಪಟ್ಟಿಯಲ್ಲಿ ಅಂಕೆ ಬರೆಸುವುದು ಸುಲಭ, ಹಣ ಕೈಗೆ ಬರುವುದು ಕಷ್ಟ. ಕೆಲವರು ಬರೆದುದಕ್ಕಿಂತ ಹೆಚ್ಚನ್ನೇ ಕೊಡುತ್ತಾರೆ. ಕೆಲವರು ಮನೆಯಲ್ಲಿಲ್ಲವೆಂದು ಮಕ್ಕಳಿಂದ ಹೇಳಿಸುತ್ತಾರೆ. ಭೂಮಿಯ ತಾಪವನ್ನು ತಡೆಯುವುದಕ್ಕಾಗಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಗಳ ಚರಿತ್ರೆಯನ್ನು ನೋಡುವಾಗ ನಮಗೆ ಈ ಚಂದಾ ಪಟ್ಟಿಯೇ ನೆನಪಾಗುತ್ತದೆ.

ಈ ಚರಿತ್ರೆ ಇಂದು ನಿನ್ನೆಯದಲ್ಲ. ಕಲ್ಲಿದ್ದಲು ಉರಿದಾಗ ಹೊರಡುವ ಇಂಗಾಲಾಮ್ಲ ವಾಯು ಗಾಳಿಯಲ್ಲಿ ಹೆಚ್ಚಿದರೆ ಭೂಮಿ ಬಿಸಿಯಾದೀತೆಂದು 1896ರಲ್ಲಿಯೇ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಲೆಕ್ಕ ಹಾಕಿದ್ದರು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದಾಗ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಾಯು ಸುಮಾರು 315 ಪಾಲಿತ್ತು. ಈಗ ಅದು 420ನ್ನು ದಾಟಿದೆ.

1972ರ ಜೂನ್ ತಿಂಗಳಿನಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಬಡತನದ ಪ್ರಶ್ನೆಯನ್ನು ಬದಿಗಿಟ್ಟು ಪರಿಸರದ ಪ್ರಶ್ನೆಯನ್ನು ಬಿಡಿಸಲಾಗದೆಂದು ವಾದಿಸಿದರು. ಇಪ್ಪತ್ತು ವರ್ಷಗಳ ತರುವಾಯ, 1992ರಲ್ಲಿ, ರಿಯೊ ನಗರದಲ್ಲಿ ವಾಯುಗುಣದ ಮೂಲ ಒಡಂಬಡಿಕೆಗೆ ಸಹಿ ಬಿದ್ದಾಗ ಆ ವಾದದ ತಿರುಳು ಅದರೊಳಗೆ ಸೇರಿತು: ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ಪ್ರಮಾಣದ್ದಲ್ಲ. ಮೊದಲು ಹೊಗೆ ಬಿಟ್ಟು ಸಿರಿವಂತರಾದವರು ಮೊದಲು ತೆರಬೇಕು.

1997ರಲ್ಲಿ ಜಪಾನಿನ ಕ್ಯೋಟೊದಲ್ಲಿ ಇದಕ್ಕೆ ಅಂಕೆಗಳು ಬಂದವು. ಮುಂದುವರಿದ ರಾಷ್ಟ್ರಗಳು ಒಟ್ಟಾಗಿ 2008ರಿಂದ 2012ರೊಳಗೆ ತಮ್ಮ ಹೊಗೆಯನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇಕಡ 5ರಷ್ಟು ಇಳಿಸಬೇಕೆಂದಾಯಿತು. ಅಮೆರಿಕ ಸಹಿ ಹಾಕಿತು, ಆದರೆ ಸ್ಥಿರೀಕರಿಸಲಿಲ್ಲ. ಕೆನಡಾ ಗುರಿ ತಲಪಲಾರದೆ 2011ರಲ್ಲಿ ಹೊರಬರುವುದಾಗಿ ಸಾರಿತು. ಗುರಿ ತಪ್ಪಿದವರಿಗೆ ದಂಡನೆಯ ವಿಧಿ ಇತ್ತು, ನಿಜ. ಆದರೆ ಸಭೆಯಿಂದಲೇ ಎದ್ದು ಹೋದವನಿಗೆ ಯಾವ ದಂಡನೆ?

ಹಾಗಾದರೆ ರಾಷ್ಟ್ರಗಳು ಕೊಟ್ಟ ಮಾತು ಎಂದೂ ನಡೆಯುವುದಿಲ್ಲವೇ ಎಂದು ಕೇಳಿದರೆ, ನಡೆದ ಉದಾಹರಣೆಯೂ ಉಂಟು. ಓಝೋನ್ ಪದರವನ್ನು ಕೊರೆಯುವ ರಾಸಾಯನಿಕಗಳ ಮೇಲೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಯಾವ ವಸ್ತುವನ್ನು ಯಾವ ವರ್ಷದೊಳಗೆ ನಿಲ್ಲಿಸಬೇಕೆಂಬ ಪಟ್ಟಿ ಅದರಲ್ಲಿತ್ತು. ಹೊರಗುಳಿದವರೊಡನೆ ಆ ವಸ್ತುಗಳ ವ್ಯಾಪಾರಕ್ಕೆ ತಡೆ ಇತ್ತು. 1990ರಲ್ಲಿ ಬಡ ರಾಷ್ಟ್ರಗಳ ಖರ್ಚಿಗೆ ನಿಧಿಯೂ ಏರ್ಪಟ್ಟಿತು. ನಿಧಿ ಏರ್ಪಟ್ಟ ಮೇಲೆಯೇ ಭಾರತ 1992ರಲ್ಲಿ ಸೇರಿದ್ದು. ಪದರ ಈಗ ಮೆಲ್ಲನೆ ಮಾಯುತ್ತಿದೆ. ಆದರೆ ಶೀತಯಂತ್ರದ ಅನಿಲಕ್ಕೆ ಬದಲಿ ಹುಡುಕುವುದು ಬೇರೆ, ಇಡೀ ಲೋಕದ ಒಲೆ, ಕಾರ್ಖಾನೆ, ರೈಲು, ಮೋಟಾರುಗಳಿಗೆ ಬದಲಿ ಹುಡುಕುವುದು ಬೇರೆ.

2015ರ ಡಿಸೆಂಬರ್ ಮೊದಲ ವಾರವನ್ನು ಚೆನ್ನೈಯಲ್ಲಿರುವ ನಾವು ಮರೆಯುವಂತಿಲ್ಲ. ಅಡ್ಯಾರು ನದಿ ದಡ ಮೀರಿ ಬೀದಿಗೆ ಬಂದಿತ್ತು. ನಮ್ಮಲ್ಲಿ ಹಲವರು ದೀಪವಿಲ್ಲದೆ ಮಹಡಿಯ ಮೇಲೆ ರಾತ್ರಿಗಳನ್ನು ಕಳೆದೆವು. ಅದೇ ದಿನಗಳಲ್ಲಿ ಪ್ಯಾರಿಸಿನಲ್ಲಿ ಲೋಕದ ರಾಷ್ಟ್ರಗಳು ಸಭೆ ಸೇರಿದ್ದವು. ಆ ಒಂದು ಮಳೆಯನ್ನು ವಾಯುಗುಣದ ಖಾತೆಗೆ ಬರೆಯುವುದು ನ್ಯಾಯವಲ್ಲ. ಕೆರೆ ಕಾಲುವೆಗಳನ್ನು ಮುಚ್ಚಿ ಮನೆ ಕಟ್ಟಿದ ತಪ್ಪು ನಗರದ್ದೇ. ಆದರೂ ಮಂಡಿಯುದ್ದ ನೀರಿನಲ್ಲಿ ನಿಂತವನಿಗೆ ಪ್ಯಾರಿಸಿನ ಮಾತು ದೂರದ್ದಾಗಿ ಕೇಳಿಸಲಿಲ್ಲ.

ಡಿಸೆಂಬರ್ 12ರಂದು ಒಪ್ಪಂದವಾಯಿತು. ತಾಪದ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5 ಡಿಗ್ರಿಯೊಳಗೆ ಹಿಡಿಯಬೇಕೆಂದು ನಿಶ್ಚಯವಾಯಿತು. ಇಲ್ಲಿ ಯಾರೂ ಯಾರಿಗೂ ಅಂಕೆ ವಿಧಿಸಲಿಲ್ಲ. ತಮ್ಮ ಅಂಕೆಯನ್ನು ತಾವೇ ಬರೆದರು, ಥೇಟು ನಮ್ಮ ಚಂದಾ ಪಟ್ಟಿಯಂತೆ. ಭಾರತ 2016ರ ಗಾಂಧಿ ಜಯಂತಿಯಂದು ಇದನ್ನು ಸ್ಥಿರೀಕರಿಸಿತು. 2022ರಲ್ಲಿ ತಿದ್ದಿ ಬರೆದಂತೆ ನಮ್ಮ ದೇಶದ ಮಾತು ಇದು: 2030ರೊಳಗೆ, ಒಂದು ರೂಪಾಯಿ ಉತ್ಪತ್ತಿಗೆ ತಗಲುವ ಹೊಗೆಯನ್ನು 2005ರ ಮಟ್ಟಕ್ಕಿಂತ ಶೇಕಡ 45ರಷ್ಟು ಇಳಿಸುವುದು, ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧವನ್ನು ಕಲ್ಲಿದ್ದಲು, ತೈಲ, ಅನಿಲಗಳಿಲ್ಲದೆ ಪಡೆಯುವುದು.

ಮಾತು ಕಾರ್ಯಕ್ಕಿಳಿಯುವುದು ಸಮ್ಮೇಳನದಲ್ಲಲ್ಲ, ಕಾಯಿದೆ ಕಚೇರಿಗಳಲ್ಲಿ. 2001ರ ಇಂಧನ ಸಂರಕ್ಷಣಾ ಕಾಯಿದೆಯ ಆಧಾರದ ಮೇಲೆ 2012ರಿಂದ ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಗೊತ್ತಾಯಿತು. ಗುರಿ ಮೀರಿ ಉಳಿಸಿದವರು ಆ ಉಳಿತಾಯವನ್ನು ಪತ್ರರೂಪದಲ್ಲಿ ಮಾರಬಹುದು. 2015ರಲ್ಲಿ ಹೊರಟ ಉಜಾಲಾ ಯೋಜನೆಯಿಂದ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಮನೆಗಳನ್ನು ಸೇರಿದವು. ಸ್ಥಾವರ ಸಾಮರ್ಥ್ಯದ ಅರ್ಧದ ಗುರಿ 2025ರಲ್ಲಿ, ಐದು ವರ್ಷ ಮುಂಚೆಯೇ, ಕೈಗೂಡಿತು. ಇದು ಹೆಮ್ಮೆಯ ಸಂಗತಿ. ಆದರೆ ಸಾಮರ್ಥ್ಯವೇ ಉತ್ಪಾದನೆಯಲ್ಲ. ಸೂರ್ಯ ಮುಳುಗಿದ ಮೇಲೆ ನಮ್ಮ ದೀಪಗಳನ್ನು ಹೆಚ್ಚಾಗಿ ಹೊತ್ತಿಸುವುದು ಇನ್ನೂ ಕಲ್ಲಿದ್ದಲೇ.

ಹೊಗೆಯಿಲ್ಲದ ವಿದ್ಯುತ್ತು ಕನ್ನಡ ನಾಡಿಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ಕಾವೇರಿಯ ಶಕ್ತಿ ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಈಗ ಅದೇ ಮಾತು ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬೇರೆ ರೂಪದಲ್ಲಿ ನಡೆದಿದೆ. ಮಳೆ ಕೈಕೊಟ್ಟ ಆ ಸೀಮೆಯಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರ 2019ರಲ್ಲಿ ಪೂರ್ಣಗೊಂಡಿತು. ಭೂಮಿಯನ್ನು ಕೊಂಡುಕೊಳ್ಳದೆ, ರೈತರಿಂದ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ತೊಡಗಿ ಬಾಡಿಗೆ ಕೊಡುವ ಏರ್ಪಾಡಾಯಿತು. ಹೊಲದ ಒಡೆಯನಿಗೆ ಇದು ಒಳಿತೇ ಆಯಿತು. ಆದರೆ ಅದೇ ಹೊಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವನಿಗೆ ಬಾಡಿಗೆ ಬರುವುದಿಲ್ಲ. ಉಳುಮೆ ನಿಂತಾಗ ಅವನ ಕೂಲಿಯೂ ನಿಂತಿತು. ಕೂಲಿ ನಿಂತವನು ಗಂಟು ಕಟ್ಟುತ್ತಾನೆ. ಊರು ಬಿಡುವುದೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಪ್ಯಾರಿಸಿನಲ್ಲಿ ಬರೆದ ಅಂಕೆಯನ್ನು ಕಟ್ಟಕಡೆಗೆ ತೆರುವವರು ಯಾರು ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಮಾತು ನಡೆಸುವವರು ಅದಕ್ಕೂ ಉತ್ತರ ಕೊಡಬೇಕು.

ಪ್ಯಾರಿಸ್ ಒಪ್ಪಂದದಲ್ಲಿ ದಂಡವಿಲ್ಲ. ಐದು ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ ಓದುವ ಪದ್ಧತಿ ಮಾತ್ರ ಉಂಟು. 2023ರಲ್ಲಿ ದುಬೈಯಲ್ಲಿ ಮೊದಲ ಲೆಕ್ಕ ಓದಿದಾಗ, ಬರೆದದ್ದೂ ಸಾಲದು, ಸಂದದ್ದೂ ಸಾಲದು ಎಂದು ತಿಳಿಯಿತು. 2024ರ ಒಂದು ವರ್ಷದ ಸರಾಸರಿ ತಾಪ 1.5 ಡಿಗ್ರಿಯನ್ನು ದಾಟಿಯೂ ಬಿಟ್ಟಿತು. 2025ರ ಜನವರಿಯಲ್ಲಿ ಅಮೆರಿಕ ಎರಡನೆಯ ಬಾರಿ ಒಪ್ಪಂದದಿಂದ ಹೊರನಡೆಯುವ ಆಜ್ಞೆ ಹೊರಡಿಸಿತು.

ಆದರೂ ನಾವು ನಿರಾಶರಾಗಬೇಕಿಲ್ಲ. ವಾರ್ಷಿಕ ಸಭೆಯಲ್ಲಿ ಖಜಾಂಚಿಗಳು ಹೆಸರು ಹಿಡಿದು ಬಾಕಿ ಓದುವಾಗ ತಲೆ ತಗ್ಗಿಸಿ ಕುಳಿತವರೇ ಮರುದಿನ ಹಣ ತಂದುಕೊಟ್ಟದ್ದನ್ನು ನಾವು ಕಂಡಿದ್ದೇವೆ. ಕೆಲವರು ಎದ್ದು ಹೋದರೆಂದು ಉಳಿದವರು ಪಟ್ಟಿಯನ್ನು ಹರಿದು ಹಾಕಿದ್ದರೆ ನಮ್ಮ ಯಾವ ಸಂಘಕ್ಕೂ ಸೂರು ಏಳುತ್ತಿರಲಿಲ್ಲ.