ತೊಲೋಲಿಂಗ್ ಗೆದ್ದ ಪಡೆಯ ಕನ್ನಡಿಗ ಮುಖ್ಯಸ್ಥ: ಕರ್ನಲ್ ರವೀಂದ್ರನಾಥ್ ನೆನಪು

ನೀರಮಾನ್ವಿ: ಜುಲೈ 26 ಬಂತಂದ್ರೆ ಸಾಕು, ಮಾನ್ವಿ, ದೇವದುರ್ಗ ಕಡೆ ಹುಡುಗರ ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬ ಕಾರ್ಗಿಲ್ ಫೋಟೊಗಳೇ. ಆದರೆ ಆ ಯುದ್ಧದ ಮೊದಲ ದೊಡ್ಡ ಗೆಲುವು ತಂದ ಪಡೆಯ ಮುಖ್ಯಸ್ಥ ನಮ್ಮ ದಾವಣಗೆರೆಯವರು, ಓದಿದ್ದು ವಿಜಯಪುರದಲ್ಲಿ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಅವರೇ ಕರ್ನಲ್ ಎಂ.ಬಿ. ರವೀಂದ್ರನಾಥ್, ವೀರ ಚಕ್ರ ಪುರಸ್ಕೃತರು.

ಯಾರಿವರು?
ಪೂರ್ತಿ ಹೆಸರು ಮಾಗೋಡ್ ಬಸಪ್ಪ ರವೀಂದ್ರನಾಥ್. ವಿಜಯಪುರ ಸೈನಿಕ ಶಾಲೆಯ ಹಳೇ ವಿದ್ಯಾರ್ಥಿ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಅವರು ಸೇನೆಯ 2ನೇ ರಜಪುತಾನಾ ರೈಫಲ್ಸ್ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್.

ತೊಲೋಲಿಂಗ್ ಯಾಕೆ ಮುಖ್ಯ?
ಲಡಾಖಿನ ದ್ರಾಸ್ ಊರಿನ ನೆತ್ತಿ ಮೇಲೆ ನಿಂತಂತಿರುವ ಗುಡ್ಡವೇ ತೊಲೋಲಿಂಗ್. ಎತ್ತರ ಸುಮಾರು 15 ಸಾವಿರ ಅಡಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಇದರ ಕೆಳಗೇ ಹಾದುಹೋಗುತ್ತದೆ. ಮೇಲೆ ಕೂತ ಶತ್ರುವಿಗೆ ರಸ್ತೆ ಮೇಲಿನ ಪ್ರತಿ ಲಾರಿಯೂ ಕಾಣುತ್ತಿತ್ತು. ಸೈನಿಕರಿಗೆ ಗುಂಡು, ರೇಷನ್ ಹೋಗಬೇಕಾದದ್ದೂ ಅದೇ ದಾರಿಯಲ್ಲಿ.

ನಮ್ಮ ಸೀಮೆಯ ಕಲ್ಲುಗುಡ್ಡ ಏರಿದರೇ ಏದುಸಿರು ಬರುತ್ತದೆ. ಅಲ್ಲಿ ಉಸಿರಾಡಲು ಗಾಳಿಯೂ ಕಡಿಮೆ, ಮರೆಗೆ ಒಂದು ಗಿಡವೂ ಇಲ್ಲ, ಮೇಲಿಂದ ಮಷೀನ್ ಗನ್. ಮೊದಲು 18ನೇ ಗ್ರೆನೇಡಿಯರ್ಸ್ ಪಡೆ ವಾರಗಟ್ಟಲೆ ಹೋರಾಡಿತು. ಮೇಜರ್ ರಾಜೇಶ್ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಸೇರಿ ಹಲವರು ಅಲ್ಲೇ ಪ್ರಾಣ ಬಿಟ್ಟರು. ಆಮೇಲೆ ಈ ಕೆಲಸ ರವೀಂದ್ರನಾಥ್ ಅವರ ಪಡೆಗೆ ಬಂತು.

ಜೂನ್ 12ರ ರಾತ್ರಿ
ಬೋಫೋರ್ಸ್ ಫಿರಂಗಿಗಳ ದಾಳಿಯ ಬೆನ್ನಲ್ಲೇ ಹುಡುಗರು ಕತ್ತಲಲ್ಲಿ ಗುಡ್ಡ ಏರಿದರು. ಜೂನ್ 13ರಂದು ತೊಲೋಲಿಂಗ್ ನಮ್ಮದಾಯಿತು. ದಾಳಿಯ ಮುಂಚೂಣಿಯಲ್ಲಿದ್ದ ಮೇಜರ್ ವಿವೇಕ್ ಗುಪ್ತಾ ಹುತಾತ್ಮರಾದರು. ನಾಯಕ್ ದಿಗೇಂದ್ರ ಕುಮಾರ್ ಗುಂಡೇಟು ತಿಂದೂ ಹೋರಾಡಿ ಬದುಕಿ ಬಂದರು.

ಜೂನ್ ಕೊನೆಗೆ ಇದೇ ಪಡೆ ತ್ರೀ ಪಿಂಪಲ್ಸ್ ಎಂಬ ಶಿಖರಗಳನ್ನೂ ಗೆದ್ದಿತು. ಅಲ್ಲಿ ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ಕೆಂಗುರುಸೆ, 22 ವರ್ಷದ ಕ್ಯಾಪ್ಟನ್ ವಿಜಯಂತ್ ಥಾಪರ್ ತೀರಿಕೊಂಡರು.

ಯಾರಿಗೆ ಯಾವ ಪದಕ?
ಯುದ್ಧಕಾಲದ ಶೌರ್ಯ ಪದಕಗಳಲ್ಲಿ ಪರಮವೀರ ಚಕ್ರ ಮೊದಲನೆಯದು, ಮಹಾವೀರ ಚಕ್ರ ಎರಡನೆಯದು, ವೀರ ಚಕ್ರ ಮೂರನೆಯದು.

• ಮಹಾವೀರ ಚಕ್ರ: ಗುಪ್ತಾ, ಆಚಾರ್ಯ, ಕೆಂಗುರುಸೆ (ಮೂವರಿಗೂ ಮರಣೋತ್ತರ), ದಿಗೇಂದ್ರ ಕುಮಾರ್
• ವೀರ ಚಕ್ರ: ರವೀಂದ್ರನಾಥ್, ಥಾಪರ್ (ಮರಣೋತ್ತರ)

ಅಂದ್ರೆ ಮುಖ್ಯಸ್ಥರಿಗಿಂತ ದೊಡ್ಡ ಪದಕ ಅವರ ಕೈಕೆಳಗಿನ ನಾಲ್ವರಿಗೆ ಸಿಕ್ಕಿತು. ಒಬ್ಬ ಕಮಾಂಡರನಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇಲ್ಲ. ಆದರೆ ಆ ನಾಲ್ವರಲ್ಲಿ ಮೂವರು ಮನೆಗೆ ವಾಪಸ್ ಬರಲಿಲ್ಲ. ಮೇಲೆ ಹೋಗಿ ಅಂತ ಕಳಿಸಿದವರಿಗೆ ಅದರ ಭಾರವೂ ಇರುತ್ತದೆ.

ಸಾಮಾನ್ಯ ಭಾನುವಾರದ ಸಾವು
2018ರ ಏಪ್ರಿಲ್ 8, ಭಾನುವಾರ. ಬೆಂಗಳೂರಿನಲ್ಲಿ ಬೆಳಿಗ್ಗೆ ಜಾಗಿಂಗ್‌ಗೆ ಹೋಗಿದ್ದಾಗ ಕರ್ನಲ್ ರವೀಂದ್ರನಾಥ್ ಹೃದಯಾಘಾತದಿಂದ ತೀರಿಕೊಂಡರು. ಗುಂಡಿನ ಮಳೆಯಲ್ಲಿ ಉಳಿದ ಜೀವ ಊರಿನ ರಸ್ತೆಯಲ್ಲಿ ಹೋಯಿತು. ಮನೆಯವರಿಗಷ್ಟೇ ಅಲ್ಲ, ಸೈನಿಕ ಶಾಲೆಯ ಗೆಳೆಯರಿಗೆ, ಜೊತೆಗೆ ಕಾದಾಡಿದವರಿಗೆ ಅದು ದೊಡ್ಡ ಆಘಾತ.

ತೊಲೋಲಿಂಗ್ ಬುಡದಲ್ಲಿ, ದ್ರಾಸ್‌ನಲ್ಲಿ ಯುದ್ಧ ಸ್ಮಾರಕ ಇದೆ. ಗೋಡೆ ಮೇಲೆ ಹುತಾತ್ಮರ ಹೆಸರು ಕೆತ್ತಿದ್ದಾರೆ. ಗೆದ್ದು ಬದುಕಿ ಬಂದವರ ಹೆಸರು ಅಂಥ ಗೋಡೆಗೆ ಹೋಗುವುದಿಲ್ಲ. ಅವರನ್ನು ನೆನಪಿಡುವ ಕೆಲಸ ಊರವರದ್ದೇ.

ನಮ್ಮ ಭಾಗದ ಮಕ್ಕಳಿಗೆ
ಅವರು ಓದಿದ ಶಾಲೆ 1963ರಲ್ಲಿ ಶುರುವಾಯಿತು, ಈಗಲೂ ನಡೆದಿದೆ. 6 ಮತ್ತು 9ನೇ ತರಗತಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಇರುತ್ತದೆ. ಈಗ ಹೆಣ್ಣುಮಕ್ಕಳಿಗೂ ಅವಕಾಶ ಇದೆ.

ಕೊನೆಗೊಂದು ಮಾತು. ಊರಲ್ಲಿ ಮಿಲಿಟರಿಯಿಂದ ರಿಟೈರ್ ಆದ ಕಾಕಾ, ಮಾಮಾ ಯಾರಾದರೂ ಇದ್ದರೆ ಒಂದು ಸಂಜೆ ಅವರ ಜೊತೆ ಕೂತು ಮಾತಾಡಿ. ಯಾವ ರೆಜಿಮೆಂಟ್, ಎಲ್ಲೆಲ್ಲಿ ಡ್ಯೂಟಿ, ಜೊತೆಗಿದ್ದವರು ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಬುಕ್, ಹಳೇ ಫೋಟೊ ಜೋಪಾನ ಮಾಡಿ. ಶ್ರದ್ಧಾಂಜಲಿ ಬ್ಯಾನರ್ ಹಾಕುವ ದಿನ ಇದನ್ನೆಲ್ಲ ಕೇಳೋಣ ಅಂದ್ರೆ, ಹೇಳೋಕೆ ಅವರೇ ಇರುವುದಿಲ್ಲ.