ಗ್ರಂಥದಿಂದ ಜಾತ್ರೆಗೆ, ಜಾತ್ರೆಯಿಂದ ಕಟಕಟೆಗೆ

ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅಬ್ಬೆ ದುಬಾಯ್ ಹೆಸರಿನ ಚರ್ಚು ಈಗಲೂ ಇದೆ. ಈ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದು, ಇಲ್ಲಿಯವರ ಉಡುಗೆ ತೊಟ್ಟು, ಹಿಂದೂಗಳ ಆಚಾರ ವಿಚಾರಗಳ ಮೇಲೆ ದೊಡ್ಡ ಹೊತ್ತಿಗೆಯೊಂದನ್ನು ಸಿದ್ಧಪಡಿಸಿದ. ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು ಹಣ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಕೂರ್ಡೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದು ಎಂಬುದು ಆಮೇಲೆ ಬಯಲಾಯಿತು. ಆದರೂ ಆಳುವವರ ಮೇಜಿನ ಮೇಲೆ ಆ ಪುಸ್ತಕ ಉಳಿಯಿತು. ನಮ್ಮ ನಾಡಿನ ಧರ್ಮದ ಅಧ್ಯಯನ ಶುರುವಾದದ್ದೇ ಹೀಗೆ, ಆಡಳಿತಕ್ಕೆ ಬೇಕಾದ ಮಾಹಿತಿಯಾಗಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇನ್ನಷ್ಟು ಆಳಕ್ಕೆ ಇಳಿದರು. ಮೋಗ್ಲಿಂಗ್, ಕಿಟ್ಟೆಲ್ ಹಳಗನ್ನಡ ಕಾವ್ಯಗಳಿಗೆ ಕೈಹಾಕಿದರೆ, ಮ್ಯಾನರ್ ತುಳು ಪಾಡ್ದನಗಳನ್ನು ಕಲೆಹಾಕಿ 1886ರಲ್ಲಿ ಅಚ್ಚು ಹಾಕಿಸಿದ. ಕಂಪನಿ ಹೋಗಿ ರಾಣಿಯ ಸರ್ಕಾರ ಬಂದ ಮೇಲಿನ ನ್ಯಾಯಾಧೀಶ ಬರ್ನೆಲ್ ಸಂಗ್ರಹಿಸಿದ್ದ ಭೂತಾರಾಧನೆಯ ಸಾಮಗ್ರಿ ಅವನು ಸತ್ತ ಮೇಲೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬಂತು, ಪಿಶಾಚಿ ಪೂಜೆ ಎಂಬ ತಲೆಬರಹ ಹೊತ್ತು. ಸಂಗ್ರಹ ಚೊಕ್ಕವಾಗಿತ್ತು, ನೋಟ ಮಾತ್ರ ಪಾದ್ರಿಗಳದೇ. ಧರ್ಮ ಎಂದರೆ ಅದಕ್ಕೊಬ್ಬ ಸ್ಥಾಪಕ ಇರಬೇಕು, ಒಂದು ಗ್ರಂಥ ಇರಬೇಕು, ಒಂದು ಮೂಲ ಇರಬೇಕು. ಇಲ್ಲದಿದ್ದರೆ ಅದು ಮೂಢನಂಬಿಕೆ.

ಈ ಅಳತೆಗೋಲನ್ನು ನಮ್ಮವರೂ ಒಪ್ಪಿಕೊಂಡರು ಎನ್ನುವುದೇ ಮುಂದಿನ ಕಥೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಅವರು ಇಲ್ಲದಿದ್ದರೆ ವಚನಗಳು ಪೂಜೆಯ ಜಗುಲಿಯಲ್ಲೇ ಹುಳು ಹಿಡಿಯುತ್ತಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಚ್ಚಾದ ವಚನ ಬರೀ ಸಾಹಿತ್ಯವಾಗಿ ಉಳಿಯಲಿಲ್ಲ. ಒಂದು ಸಮುದಾಯ ತನಗೂ ಧರ್ಮಗ್ರಂಥವಿದೆ ಎಂದು ಎದೆ ತಟ್ಟಿ ಹೇಳಲು ಅದು ಆಧಾರವಾಯಿತು. ವಿದ್ಯೆ, ನೌಕರಿ, ಮೀಸಲಾತಿಗಾಗಿ ಜಾತಿಗಳೆಲ್ಲ ಸಂಘ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಅಖಿಲ ಭಾರತ ವೀರಶೈವ ಮಹಾಸಭೆ 1904ರಲ್ಲೇ ಹುಟ್ಟಿತ್ತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲಿನ ಪ್ರಶ್ನೆಗೆ ಮೈಸೂರಿನಲ್ಲಿ ಮಿಲ್ಲರ್ ಸಮಿತಿ 1918ರಲ್ಲಿ ನೇಮಕವಾಯಿತು. ಸಂಶೋಧನೆಗೂ ರಾಜಕಾರಣಕ್ಕೂ ನಂಟು ಇತ್ತೀಚಿನದು ಎಂದು ಹಲುಬುವವರು ಈ ಇಸವಿಗಳನ್ನು ಒಮ್ಮೆ ನೋಡಬೇಕು.

ಗ್ರಂಥ ಬಿಟ್ಟು ಅಂಗಳಕ್ಕೆ ಇಳಿದವರು ಎಂ.ಎನ್. ಶ್ರೀನಿವಾಸ್. ಮುಂಬಯಿಯಲ್ಲಿ ಘುರ್ಯೆಯವರ ಕೈಕೆಳಗೆ ಕೊಡವರ ಮೇಲೆ ಮಾಡಿದ ಕೆಲಸವನ್ನು ಆಕ್ಸ್‌ಫರ್ಡಿನಲ್ಲಿ ಮತ್ತೆ ಕಡೆದು, 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಕುರಿತ ಪುಸ್ತಕ ತಂದರು. ಅದರಲ್ಲಿ ವೇದಾಂತದ ಗೊಡವೆ ಇಲ್ಲ. ಒಕ್ಕ ಇದೆ, ಐನ್‌ಮನೆ ಇದೆ, ಮಡಿ ಮತ್ತು ಪೊಲೆ ಇವೆ, ಸತ್ತ ಹಿರಿಯರಿಗೆ ಮಾಂಸ ಮದ್ಯ ಇಟ್ಟು ನೆನೆಯುವ ಪದ್ಧತಿ ಇದೆ. ಮದುವೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಯಾರಿಗೆ ಅಕ್ಕಿ ಹಾಕುತ್ತಾರೆ ಎಂಬುದರಿಂದಲೇ ಆ ಸಮಾಜದ ಕಟ್ಟು ತಿಳಿಯುತ್ತದೆ ಎಂಬುದು ಅವರ ವಾದ. ಕೊಡವರಲ್ಲೇ ಒಂದು ಗುಂಪು, ಅಮ್ಮ ಕೊಡವರು, ಮಾಂಸ ಮದ್ಯ ಬಿಟ್ಟು ಜನಿವಾರ ಹಾಕಿಕೊಂಡದ್ದನ್ನೂ ಅವರು ಗಮನಿಸಿದರು. ಕೆಳಗಿನ ಜಾತಿ ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವ ಈ ಬಗೆಗೆ ಅವರು ಇಟ್ಟ ಸಂಸ್ಕೃತೀಕರಣ ಎಂಬ ಹೆಸರು ಇಂದು ಪಂಚಾಯತಿ ಕಟ್ಟೆಯ ಭಾಷಣದಲ್ಲೂ ಕೇಳಿಬರುತ್ತದೆ. ನನ್ನದೊಂದು ತಕರಾರು: ಆ ಪುಸ್ತಕದಲ್ಲಿ ಒಗ್ಗಟ್ಟು ಜಾಸ್ತಿ, ಜಗಳ ಕಡಿಮೆ. ಕೊಡವರ ಗದ್ದೆಯಲ್ಲಿ ದುಡಿದವರು ಆ ಹಬ್ಬಗಳನ್ನು ಹೇಗೆ ಕಂಡರು ಎಂಬುದು ಅಂಚಿನಲ್ಲೇ ಉಳಿಯಿತು.

ಶ್ರೀನಿವಾಸ್ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಂಥ ತಿರುವು ತಂದದ್ದು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, 1966ರಲ್ಲಿ. ಅಲ್ಲಿಯವರೆಗೆ ಶಾಸನವೆಂದರೆ ರಾಜರ ಇಸವಿ ಹೊಂದಿಸುವ ಸಾಧನ. ಅವರು ಅದೇ ಕಲ್ಲುಗಳಲ್ಲಿ ಒಡೆಯನ ಜೊತೆ ಪ್ರಾಣ ಬಿಡುತ್ತಿದ್ದ ಗರುಡರನ್ನು, ಸಲ್ಲೇಖನ ಹಿಡಿದ ಜೈನರ ನಿಸಿದಿಗಳನ್ನು, ಮಾಸ್ತಿಗಲ್ಲುಗಳನ್ನು ಓದಿದರು. ಹಳೇಬೀಡಿನ ಕಂಬದ ಶಾಸನದಲ್ಲಿರುವ ಕುವರ ಲಕ್ಷ್ಮ ಅಂಥ ಗರುಡ. ಧರ್ಮ, ಒಡೆತನ, ನಿಷ್ಠೆ ಮೂರೂ ಅಲ್ಲಿ ಬೇರೆಬೇರೆಯಾಗಿ ಕಾಣುವುದಿಲ್ಲ.

ಆಮೇಲಿನ ಮೂರು ದಶಕ ಈ ಕ್ಷೇತ್ರದ ಸುಗ್ಗಿ. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಬರೆದು, ಸೂಫಿ ಎಂದರೆ ಒಂದೇ ಅಚ್ಚಿನ ಶಾಂತಮೂರ್ತಿಯಲ್ಲ, ಕತ್ತಿ ಹಿಡಿದವನೂ ಇದ್ದ, ಇನಾಂ ಜಮೀನು ಉಂಡು ಹಾಯಾಗಿದ್ದವನೂ ಇದ್ದ ಎಂದು ತೋರಿಸಿದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ದಖ್ಖನಿ ಹಾಡುಗಳ ಮೂಲಕ ಆ ಪಂಥ ಮನೆಯೊಳಗೆ ಹೊಕ್ಕಿತು ಎಂಬುದು ಅವರ ಒಳ್ಳೆಯ ಕಾಣ್ಕೆ. ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’ ಬರೆದು, ಮುಂದೆ ನಾಥಪಂಥ, ಶಾಕ್ತಪಂಥ, ಮೊಹರಂಗಳತ್ತ ನಡೆದರು. ಒಂದೇ ಒಂದು ಮುಸ್ಲಿಂ ಮನೆಯಿಲ್ಲದ ಉತ್ತರ ಕರ್ನಾಟಕದ ಊರುಗಳಲ್ಲೂ ಪಂಜಾ ಕೂರಿಸುವುದನ್ನು ಯಾವ ಜನಗಣತಿಯ ಕಾಲಮ್ಮಿನಲ್ಲಿ ಬರೆಯುವುದು? ಕರಾವಳಿಯಲ್ಲಿ ವಿವೇಕ ರೈ, ಚಿನ್ನಪ್ಪ ಗೌಡರು ಫಿನ್ಲೆಂಡಿನ ಲೌರಿ ಹೊಂಕೊ ಜೊತೆಗೂಡಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿದರು. ಅದಕ್ಕಿಂತ ಅವರ ‘ಅವತಾರಗಳು’ ನನಗೆ ಇಷ್ಟ. ದೇವರನ್ನು ಬೈದು ಹೆದರಿಸುವ ಭಕ್ತರ ಬಗ್ಗೆ ಅಷ್ಟು ನಗುತ್ತ ಬರೆದವರು ಬೇರೆ ಇಲ್ಲ.

ನಗುವ ವಿಷಯವಲ್ಲದ ಪ್ರಸಂಗವೂ ಈ ನಡುವೆ ಎದುರಾಯಿತು. 1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ಸಲ್ಲಿಸುವುದನ್ನು ತಡೆಯಲು ದಲಿತ ಸಂಘರ್ಷ ಸಮಿತಿ ಮೊದಲಾದವರು ಹೋದರು. ಭಕ್ತರು ತಿರುಗಿಬಿದ್ದರು, ಕಾರ್ಯಕರ್ತರಿಗೂ ಪೊಲೀಸರಿಗೂ ಏಟು ಬಿತ್ತು, ಹೆಣ್ಣು ಪೊಲೀಸರ ಬಟ್ಟೆ ಕಿತ್ತರು. ಸರ್ಕಾರ ಸೇವೆಯನ್ನೇ ನಿಷೇಧಿಸಿತು. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂದು ಕೇಳಿ, ವಿಚಾರವಾದಿಯ ಖಾತ್ರಿಯನ್ನೇ ಅನುಮಾನಿಸಿದರು. ಹರಕೆ ಹೊತ್ತವರಲ್ಲಿ ಬಹುಪಾಲು ಕೆಳಜಾತಿಯ ಬಡ ಹೆಂಗಸರಾಗಿದ್ದಾಗ, ಪರಂಪರೆಯ ಸೊಗಸನ್ನು ಹೊಗಳುವುದು ಓದಿಕೊಂಡ ಗಂಡಸಿಗೆ ಸುಲಭ ಎಂದು ಎದುರಾಳಿಗಳು ಉರಿದದ್ದರಲ್ಲಿ ತಪ್ಪಿಲ್ಲ. ಅನಂತಮೂರ್ತಿಯವರ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ಇಷ್ಟೆಲ್ಲ ಆದ ಮೇಲೂ ಸಾರ್ವಜನಿಕ ಜಗಳಗಳಲ್ಲಿ ಈ ವಿದ್ಯೆ ಲೆಕ್ಕಕ್ಕೆ ಬರಲಿಲ್ಲ. ಕೋರ್ಟು ಮತ್ತು ಆಯೋಗಗಳು ಕೇಳಿದ್ದು ಪಾದ್ರಿಗಳ ಕಾಲದ ಪ್ರಶ್ನೆಯನ್ನೇ. ಈ ಚಾಳಿ ಹಳೆಯದು, ಉಡುಪಿಯ ಶಿರೂರು ಮಠದ ಮೊಕದ್ದಮೆಯನ್ನು ನೋಡಿ. ಕೃಷ್ಣಪೂಜೆಯ ಸರದಿಯಾದ ಪರ್ಯಾಯದ ಖರ್ಚಿಗೆ ಮಠ ಸಾಲ ಮಾಡಿಕೊಂಡಿತ್ತು. ಮದ್ರಾಸಿನ ಧರ್ಮಾದಾಯ ಮಂಡಳಿ ಆಡಳಿತದಲ್ಲಿ ಕೈ ಹಾಕಿತು, ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದೆಂದು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಸಾಲದ ಲೆಕ್ಕ ಮರೆತುಹೋಯಿತು, ಸಿದ್ಧಾಂತದ ಮಾತು ಕಾನೂನಾಯಿತು. ಅದೇ ಉಡುಪಿಯ ಕಾಲೇಜಿನಿಂದ ಎದ್ದ ಹಿಜಾಬ್ ವಿವಾದದಲ್ಲಿ 2022ರ ಮಾರ್ಚ್ 15ರಂದು ಹೈಕೋರ್ಟು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ತೀರ್ಪಿತ್ತಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಈ ಅತ್ಯಗತ್ಯದ ಚರ್ಚೆಯೇ ಬೇಕಿರಲಿಲ್ಲ ಎಂದವರು ಸುಧಾಂಶು ಧುಲಿಯಾ. ಲಿಂಗಾಯತ ಪ್ರತ್ಯೇಕ ಧರ್ಮದ ಪ್ರಶ್ನೆ ಬಂದಾಗ ನಾಗಮೋಹನ ದಾಸ್ ಸಮಿತಿ, 2018ರ ಸಂಪುಟ ನಿರ್ಣಯ, ಟೀವಿ ಚರ್ಚೆ ಎಲ್ಲ ಕಡೆಯೂ ಸ್ಥಾಪಕ ಯಾರು, ಗ್ರಂಥ ಯಾವುದು ಎಂಬ ತಿಕ್ಕಾಟವೇ ನಡೆಯಿತು. ಮೂಲದ ಪ್ರಶ್ನೆಗೆ ಬೆಲೆ ತೆತ್ತವರೂ ಇದ್ದಾರೆ. ತಮ್ಮ ಸಂಶೋಧನ ಲೇಖನಗಳ ಸಂಪುಟ ‘ಮಾರ್ಗ’ದಲ್ಲಿ ಬಸವಣ್ಣನವರ ಕುಟುಂಬದ ಬಗ್ಗೆ ಬರೆದದ್ದಕ್ಕಾಗಿ ಎಂ.ಎಂ. ಕಲಬುರ್ಗಿ 1989ರಲ್ಲಿ ತಮ್ಮ ಮಾತನ್ನು ಹಿಂಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು.

ಇನ್ನು ಈ ಪ್ರಶ್ನೆಯನ್ನೇ ಪ್ರಶ್ನಿಸಿದ ಚಿಂತಕ ಎಸ್.ಎನ್. ಬಾಲಗಂಗಾಧರ ಅವರ ವಾದ: ಭಾರತದಲ್ಲಿ ಇರುವುದು ಸಂಪ್ರದಾಯಗಳು, ರಿಲಿಜನ್ ಎಂಬುದು ಯುರೋಪು ನಮ್ಮ ಮೇಲೆ ಹೊರಿಸಿದ ಕಲ್ಪನೆ. 1994ರ ಅವರ ಪುಸ್ತಕ ಹುಟ್ಟಿಸಿದ ಚರ್ಚೆ ಕುವೆಂಪು ವಿಶ್ವವಿದ್ಯಾಲಯದ ಗೆಳೆಯರ ಮೂಲಕ ಕನ್ನಡಕ್ಕೂ ಬಂದು, ವಚನಕಾರರು ಜಾತಿ ವಿರೋಧಿಗಳೇ ಅಲ್ಲವೇ ಎಂಬ ಪತ್ರಿಕಾ ಜಗಳವಾಯಿತು. ಅಳತೆಗೋಲು ಪರಕೀಯ ಎಂದದ್ದು ಸರಿ. ಅದನ್ನು ಹಿಡಿದು ಜಾತಿಯ ಏಟನ್ನೇ ಮಸುಕು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ.

ಇಷ್ಟು ಬೆಳೆದ ಕ್ಷೇತ್ರದಲ್ಲಿ ಮಠಗಳ ಹಣಕಾಸಿನ ಮೇಲೆ ಬಂದ ಕೆಲಸ ಬೆರಳೆಣಿಕೆಯಷ್ಟು. ಹಾಸ್ಟೆಲು, ಶಾಲೆ, ಎಂಜಿನಿಯರಿಂಗ್ ಕಾಲೇಜು ನಡೆಸುವ, ಚುನಾವಣೆಗೆ ಮುಂಚೆ ಎಲ್ಲ ಪಕ್ಷದವರೂ ಕಾಲಿಗೆ ಬೀಳುವ, ರಾಜ್ಯ ಬಜೆಟ್ಟಿನಲ್ಲೇ ಅನುದಾನ ಪಡೆಯುವ ಮಠಗಳನ್ನು ಬಿಟ್ಟು ಕರ್ನಾಟಕದ ರಾಜಕಾರಣ ಬರೆಯಲಾಗದು. ಜಪಾನಿನ ಅಯಾ ಇಕೆಗಾಮೆ ಇದನ್ನು ಹಿಡಿದು ಕೆಲಸ ಮಾಡಿದ್ದಾರೆ; ನಮ್ಮ ವಿಶ್ವವಿದ್ಯಾಲಯಗಳಿಂದ ಬರುವ ಪುಸ್ತಕಗಳು ಹೆಚ್ಚಾಗಿ ಅಭಿನಂದನ ಗ್ರಂಥಗಳು. ಯಾವ ಹಾಸ್ಟೆಲಿನಲ್ಲಿ ಯಾವ ಜಾತಿಯ ಎಷ್ಟು ಮಕ್ಕಳು ಓದಿದರು, ದಾಸೋಹದ ಅಕ್ಕಿ ಯಾರ ಗದ್ದೆಯಿಂದ ಬಂತು, ಗೇಣಿ ಶಾಸನ ಬಂದಾಗ ಮಠದ ಜಮೀನು ಏನಾಯಿತು ಎಂದು ವಿಚಾರಿಸಿದ ಕನ್ನಡ ಪ್ರಬಂಧ ಹುಡುಕಿದರೂ ಸಿಗುವುದು ಕಷ್ಟ. ಹನ್ನೆರಡನೆಯ ಶತಮಾನದ ದೇಗುಲದ ಆದಾಯವನ್ನು ಕಲ್ಲು ಓದಿ ಮತ್ತರು, ಗದ್ಯಾಣಗಳ ಲೆಕ್ಕದಲ್ಲಿ ಹೇಳಬಲ್ಲ ನಮಗೆ, ನಿನ್ನೆ ಮೊನ್ನೆಯ ಮಠದ ಆದಾಯ ಕೇಳಲು ಇನ್ನೂ ಬಾಯಿ ಬಂದಿಲ್ಲ.