ಪಾತ್ರೆಯ ಮೇಲಿನ ಹೆಸರು

ಮುಂಬಯಿಗೆ ಕನ್ನಡಿಗರು ಯಾವಾಗ ಬಂದರು, ಯಾಕೆ ಬಂದರು ಎಂಬ ಬಗ್ಗೆ ಬರವಣಿಗೆ ಸಾಕಷ್ಟಿದೆ. ಹೋಟೆಲುಗಳು, ರಾತ್ರಿ ಶಾಲೆಗಳು, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಇವುಗಳ ಕಥೆ ಊರಿನವರಿಗೂ ಗೊತ್ತು. ಆದರೆ ಬಂದವರು ಮನೆಯಲ್ಲಿ ಏನೇನು ಇಟ್ಟುಕೊಂಡಿದ್ದರು, ಅದನ್ನು ಹೇಗೆ ಕೊಂಡರು, ಆಮೇಲೆ ಆ ಸಾಮಾನೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳುವವರು ಕಡಿಮೆ. ನಾನು 38 ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು. ಯಾವ ವಸ್ತು ಕಂಡರೂ ಮೊದಲು ಅದರ ಬೆಲೆ, ಆಮೇಲೆ ಅದರ ಸವಕಳಿ ಲೆಕ್ಕ ಹಾಕುವ ಚಾಳಿ ನನ್ನದು. ಆ ಚಾಳಿಯಿಂದಲೇ ಹುಟ್ಟಿದ ಲೇಖನ ಇದು.

1956ರ ನವೆಂಬರ್ 1ರ ತನಕ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಅಲ್ಲಿಯವರಿಗೆ ಮುಂಬಯಿ ಪರಸ್ಥಳ ಅಲ್ಲ, ರಾಜಧಾನಿ. ಮದ್ರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದವರು ಹೆಚ್ಚಾಗಿ ಹೋಟೆಲು ಕೆಲಸಕ್ಕೆ ಅಂತ ಬಂದವರು. ಎಲ್ಲಿಂದ ಬಂದರೂ ಕೈಯಲ್ಲಿ ಒಂದು ತಗಡಿನ ಟ್ರಂಕು. ಮದುವೆಯಾಗಿ ಹೆಂಡತಿಯನ್ನು ಕರೆತಂದ ಮೇಲೆಯೇ ಪಾತ್ರೆ ಪರಡಿ. ತಾಮ್ರದ ಹಂಡೆ, ಹಿತ್ತಾಳೆಯ ತಪ್ಪಲೆ, ಕಂಚಿನ ಚೆಂಬು, ನೀರಿನ ಕೊಡಪಾನ. ಚಾಳಿನ ಒಂದೇ ಕೋಣೆಯಲ್ಲಿ ಗೋಡೆಗೆ ಮಾಂಡಣಿ ಹೊಡೆದು (ಪಾತ್ರೆ ಜೋಡಿಸುವ ಹಲಗೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ) ಇವನ್ನು ಸಾಲಾಗಿ ಇಡುತ್ತಿದ್ದರು. ದೀಪಾವಳಿ ಬಂದರೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುವುದು. ಒಳಗೆ ತವರದ ಕಲಾಯಿ ಸವೆದರೆ ಹುಳಿ ಪದಾರ್ಥ ಕೆಡುತ್ತದೆ. ಹಾಗಾಗಿ ಕಲಾಯಿಯವನು ಓಣಿಗೆ ಬಂದ ದಿನ ಹೆಂಗಸರಿಗೆ ಬೇರೆ ಕೆಲಸವೇ ಇಲ್ಲ.

ಇದರ ನಡುವೆ ಒಂದೊಂದಾಗಿ ಹೊಸ ಸಾಮಾನು ಒಳಗೆ ಬಂತು. ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋವು. ಮರ್ಫಿಯದೋ ಬುಷ್‌ದೋ ರೇಡಿಯೋ. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು, 1980ರ ದಶಕದ ಮಧ್ಯದ ತನಕವೂ. 1959ರಲ್ಲಿ ಮುಂಬಯಿಯಲ್ಲಿ ಹಾಕಿನ್ಸ್, ಅದೇ ಸುಮಾರಿಗೆ ದಕ್ಷಿಣದಲ್ಲಿ ಪ್ರೆಸ್ಟೀಜ್ ಕುಕ್ಕರುಗಳು ತಯಾರಾಗತೊಡಗಿದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಶುರು. ಇಸ್ತ್ರಿ ಬೇಡದ ಟೆರಿಲೀನ್ ಶರ್ಟು, ತೊಳೆದು ಅರ್ಧ ಗಂಟೆಗೆ ಒಣಗುವ ನೈಲಾನ್ ಸೀರೆ, ಆಮೇಲೆ ಬೆಲ್‌ಬಾಟಮ್ ಪ್ಯಾಂಟು. ರೊಕ್ಕ ಕೊಟ್ಟು ಕೈಯಲ್ಲಿ ಹಿಡಿದುಕೊಂಡು ಬರುವ ಕಾಲ ಅದಲ್ಲ. ಹೆಚ್ಚಿನದೆಲ್ಲ ಕಂತಿನ ಮೇಲೆ, ಇಲ್ಲವೇ ಭಿಶಿಯ ಮೇಲೆ. ಭಿಶಿ ಅಂದರೆ ನಮ್ಮ ಚೀಟಿಯ ಹಾಗೆಯೇ. ಚಾಳಿನ ಹತ್ತು ಹನ್ನೆರಡು ಹೆಂಗಸರು ತಿಂಗಳಿಗಿಷ್ಟು ಅಂತ ಸೇರಿಸಿ, ಚೀಟಿ ಎತ್ತಿ, ಬಂದವಳಿಗೆ ಆ ದುಡ್ಡಿನಲ್ಲಿ ಪಾತ್ರೆ ಕೊಡಿಸುವುದು. ಬ್ಯಾಂಕಿನವರು ಗೃಹೋಪಯೋಗಿ ವಸ್ತುಗಳಿಗೆ ಸಾಲ ಕೊಡಲು ಮುಂದೆ ಬರುವ ಮೊದಲೇ ಈ ತಾಯಂದಿರು ಅದನ್ನು ಮಾಡಿ ಮುಗಿಸಿದ್ದರು ನೋಡಿ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕಾಲದ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಕುಳಿತವನು ಸಣ್ಣ ಉಳಿ ಇಟ್ಟು ಸುತ್ತಿಗೆಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದು ಅಕ್ಷರ ಮೂಡಿಸುತ್ತಿದ್ದ. ಕೊಟ್ಟವರ ಹೆಸರು, ಊರು, ಮದುವೆಯ ತಾರೀಕು. ಕೊರೆಸುವುದಕ್ಕೆ ಕಾರಣವೂ ಇತ್ತು. ಮದುವೆ ಮುಂಜಿಗೆ ಪಾತ್ರೆ ಬಾಡಿಗೆಗೆ ತರುತ್ತಿದ್ದದ್ದು ಕಡಿಮೆ, ನೆರೆಮನೆಗಳಿಂದ ಕೇಳಿ ತರುತ್ತಿದ್ದದ್ದೇ ಹೆಚ್ಚು. ಯಾರದ್ದು ಯಾವುದು ಅಂತ ತಿಳಿಯಬೇಕಲ್ಲ? ಇನ್ನೊಂದು ಕಾರಣ ಮುಯ್ಯಿ. ಅವರ ಮನೆಯ ಮದುವೆಗೆ ನಾವೇನು ಕೊಟ್ಟೆವು, ನಮ್ಮ ಮನೆಯದಕ್ಕೆ ಅವರೇನು ಕೊಟ್ಟರು ಎಂಬ ಲೆಕ್ಕ ಬಯಲುಸೀಮೆಯಲ್ಲೂ ಇದೆ, ಕರಾವಳಿಯಲ್ಲೂ ಬೇರೆ ಹೆಸರಿನಲ್ಲಿ ಇದೆ. ಆ ಲೆಕ್ಕಕ್ಕೆ ಪಾತ್ರೆಯೇ ಪಾಸ್‌ಬುಕ್ಕು.

ನಮ್ಮ ಮನೆಯ, ನೆಂಟರಿಷ್ಟರ ಮನೆಗಳ ಪಾತ್ರೆಗಳನ್ನು ನಿವೃತ್ತಿಯಾದ ಮೇಲೆ ಒಂದೊಂದಾಗಿ ಬೆಳಕಿಗೆ ಹಿಡಿದು ಓದಿದೆ. ಒಂದು ಕ್ರಮ ಕಾಣಿಸಿತು. ಐವತ್ತರ ದಶಕದ ಹಿತ್ತಾಳೆಯ ಮೇಲೆ ಕನ್ನಡ ಅಕ್ಷರ. ಊರಲ್ಲೇ ಮದುವೆಯಾಗಿ, ಊರಲ್ಲೇ ಕೊರೆಸಿದ್ದು. ಅರವತ್ತು ಎಪ್ಪತ್ತರ ಪಾತ್ರೆಯ ಮೇಲೆ ದೇವನಾಗರಿ. ಮದುವೆ ಮಾಟುಂಗದ್ದೋ ದಾದರಿನದ್ದೋ, ಕೊರೆದವನು ಮರಾಠಿಯವನು. ನಡುವೆ ಎರಡು ಲೋಟಗಳಲ್ಲಿ ಕನ್ನಡವೇ ಇದೆ, ಆದರೆ ಒತ್ತಕ್ಷರ ಎಲ್ಲೋ ಹಾರಿಹೋಗಿದೆ, ದೀರ್ಘ ಪಕ್ಕದ ಅಕ್ಷರಕ್ಕೆ ಅಂಟಿದೆ. ಯಾರೋ ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ, ಓದಲು ಬಾರದವನು ಅದನ್ನು ಚಿತ್ರದಂತೆ ಕಂಡು ಕೊರೆದಿದ್ದಾನೆ. ಎಂಬತ್ತರ ನಂತರದ ಸ್ಟೀಲಿನ ಮೇಲೆ ಇಂಗ್ಲಿಷ್, ಅದೂ ಯಂತ್ರದಲ್ಲಿ ಬರೆದದ್ದು. ಆಮೇಲಿನವುಗಳ ಮೇಲೆ ಏನೂ ಇಲ್ಲ. ಉಡುಗೊರೆ ಲಕೋಟೆಯೊಳಗೆ ಹೋಯಿತು, ನಾನ್‌ಸ್ಟಿಕ್ ಬಾಣಲೆಯ ಮೇಲೆ ಯಾರು ಏನು ಕೊರೆಸುತ್ತಾರೆ? ಮೂರು ತಲೆಮಾರಿನಲ್ಲಿ ಒಂದು ಕುಟುಂಬದ ಭಾಷೆ ಹೇಗೆ ಸರಿಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ನಾನು ಕಂಡಿಲ್ಲ. ಜನಗಣತಿಯವರು ಮನೆಮಾತು ಯಾವುದು ಅಂತ ಕೇಳಿ ಬರೆದುಕೊಳ್ಳುತ್ತಾರೆ, ಅಷ್ಟೆ. ಪಾತ್ರೆ ವರ್ಷ ಸಮೇತ ಹೇಳುತ್ತದೆ.

ಈ ದಾಖಲೆಗೆ ಮೊದಲ ಪೆಟ್ಟು ಕೊಟ್ಟದ್ದು ಸ್ಟೀಲು. ಕಲಾಯಿ ಬೇಡ, ತಿಕ್ಕಿದರೆ ಸಾಕು, ಹಗುರ. ಹೆಂಗಸರು ಅದನ್ನು ಮೆಚ್ಚಿದ್ದರಲ್ಲಿ ಏನೂ ತಪ್ಪಿಲ್ಲ. ದಿನಾ ಹಿತ್ತಾಳೆ ತಿಕ್ಕುವ ಕೈ ಅವರದ್ದೇ ತಾನೆ? ಅಂಗಡಿಯಲ್ಲಿ ಹಳೆ ಹಿತ್ತಾಳೆಯನ್ನು ತೂಕ ಹಾಕಿ, ಅಷ್ಟು ದುಡ್ಡನ್ನು ಹೊಸ ಸ್ಟೀಲಿನ ಬೆಲೆಯಲ್ಲಿ ವಜಾ ಮಾಡುತ್ತಿದ್ದರು. ಬಾಗಿಲಿಗೆ ಭಾಂಡೀವಾಲಿ ಬರುತ್ತಿದ್ದಳು, ಹಳೆ ಸೀರೆ, ಪ್ಯಾಂಟು ತೆಗೆದುಕೊಂಡು ಸ್ಟೀಲು ಡಬ್ಬಿ ಕೊಡುವವಳು. ನಾನು 1982ರಲ್ಲಿ ಮುಂಬಯಿಗೆ ಬಂದಾಗ ನನ್ನ ಅತ್ತಿಗೆ ಮೂರು ಬೆಲ್‌ಬಾಟಮ್ ಪ್ಯಾಂಟಿಗೆ ಒಂದು ಪಾತೇಲಿ ಗಿಟ್ಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವಳ ಚೌಕಾಸಿಯ ಮುಂದೆ ನನ್ನ ಎಂ.ಕಾಂ. ಏನೂ ಅಲ್ಲ ಮಾರಾಯ್ರೆ! ಜರಿ ಸೀರೆಗಳದ್ದೂ ಅದೇ ಗತಿ. ಅಪ್ಪಟ ಜರಿಯಲ್ಲಿ ಬೆಳ್ಳಿ ಇರುತ್ತದೆ. ಕೊಂಡವರು ಅಂಚು ಸೆರಗು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹೆಸರಿದ್ದ ಹಿತ್ತಾಳೆ ಕುಲುಮೆಗೆ, ನೆನಪಿದ್ದ ಸೀರೆ ಬೆಂಕಿಗೆ.

ಕುಲುಮೆ ತಪ್ಪಿಸಿಕೊಂಡದ್ದು ಚೋರ್ ಬಜಾರ್ ಸೇರಿತು. ಭೇಂಡಿ ಬಜಾರಿನ ಪಕ್ಕದ ಮಟನ್ ಸ್ಟ್ರೀಟಿನಲ್ಲಿ ಮರ್ಫಿ ರೇಡಿಯೋ, ಗ್ರಾಮಾಫೋನು, ಸ್ಟೋವು, ನೀರು ಕಾಯಿಸುವ ತಾಮ್ರದ ಬಂಬು, ಎಲ್ಲ ಇದೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬ್ಯಾಂಕಿನಲ್ಲಿ ಹಳೆ ಕುರ್ಚಿ ಮೇಜಿನ ಬೆಲೆ ಸವಕಳಿಯಾಗಿ ಆಗಿ ಕೊನೆಗೆ ಪುಸ್ತಕದಲ್ಲಿ ಒಂದು ರೂಪಾಯಿ ಉಳಿಯುತ್ತದೆ. ಇಲ್ಲಿ ಆ ಒಂದು ರೂಪಾಯಿಯಿಂದ ಲೆಕ್ಕ ತಿರುಗಿ ಮೇಲಕ್ಕೆ ಹತ್ತುತ್ತದೆ. ಆಂಟಿಕ್ ಅಂತ ಕರೆದರೂ ಕಾನೂನಿನ ಪ್ರಕಾರ ಇವು ಪುರಾತನ ವಸ್ತುಗಳಲ್ಲ. 1972ರ ಕಾಯ್ದೆಯಂತೆ ಸಾಮಾನ್ಯವಾಗಿ 100 ವರ್ಷ ತುಂಬಬೇಕು. 1955ರ ರೇಡಿಯೋಗೆ ಆ ಯೋಗ 2055ಕ್ಕೆ. ಅಲ್ಲಿಯ ತನಕ ಅದನ್ನು ಯಾರು ಬೇಕಾದರೂ ಮಾರಬಹುದು, ಒಡೆಯಬಹುದು, ಬಣ್ಣ ಹೊಡೆಯಬಹುದು.

ಬಣ್ಣ ಹೊಡೆಯುತ್ತಾರೆ ಕೂಡ. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಸರಕಾರ ತೀರ್ಮಾನಿಸಿದ ಮೇಲೆ ಹಳೆ ಜನತಾ, ಪೈಲಟ್ ಗಡಿಯಾರಗಳಿಗೆ ಬೇಡಿಕೆ ಏರಿತು. ಹಳೆ ಯಂತ್ರಕ್ಕೆ ಹೊಸ ಬಣ್ಣದ ಮುಖ ಅಂಟಿಸಿ ಮಾರುವ ಗಡಿಯಾರಕ್ಕೆ ಸಂಗ್ರಾಹಕರು ಇಟ್ಟ ಅಡ್ಡಹೆಸರು "ಮುಂಬಯಿ ಸ್ಪೆಷಲ್". ಪಾತ್ರೆಗಳದ್ದೂ ಹೆಚ್ಚುಕಡಿಮೆ ಹಾಗೇ. ಹಂಡೆಯನ್ನು ಯಂತ್ರಕ್ಕೆ ಹಿಡಿದು ಹೊಳಪು ಕೊಟ್ಟರೆ ಚುಕ್ಕಿಯ ಅಕ್ಷರ ಮಾಯ. ಕೊಳ್ಳುವವರಿಗೆ ಬೇಕಾದ್ದು ಹೂಕುಂಡ. ಅದು ಯಾರ ಬಾಣಂತನಕ್ಕೆ ನೀರು ಕಾಯಿಸಿದ್ದು ಎಂಬ ಚಿಂತೆ ಅವರಿಗೆ ಯಾಕೆ?

ಹಾಗಂತ ಸಂಗ್ರಾಹಕರನ್ನು ಬಯ್ಯುವ ಹಾಗಿಲ್ಲ. ಪುಣೆಯಲ್ಲಿ ದಿನಕರ ಕೇಳಕರರು ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ದೀಪ, ಅಡಕತ್ತರಿ, ಪಾತ್ರೆ ಪಗಡಿ ಕೂಡಿಹಾಕಿ ಕಟ್ಟಿದ ವಸ್ತುಸಂಗ್ರಹಾಲಯ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಮ್ಮ ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರೇ. ಕೆಡವುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಒಂದು ಊರನ್ನೇ ನಿಲ್ಲಿಸಿ, 2017ರಲ್ಲಿ ತೀರಿಕೊಂಡರು. ಆದರೆ ಅಲ್ಲೆಲ್ಲ ಸೇರಿದ್ದು ಹೆಚ್ಚಾಗಿ ಅರಮನೆಯ, ಗುತ್ತಿನ ಮನೆಯ, ಕುಶಲಕರ್ಮಿಯ ವಸ್ತು. ಹೋಟೆಲು ಮಾಣಿ ಕಂತಿನಲ್ಲಿ ಕೊಂಡ ರೇಡಿಯೋ, ಗುಮಾಸ್ತನ ಹೆಂಡತಿ ಭಿಶಿಯಲ್ಲಿ ಎತ್ತಿದ ತಪ್ಪಲೆ ಇವಕ್ಕೆ ಇನ್ನೂ ಒಂದು ಕಪಾಟು ಸಿಕ್ಕಿಲ್ಲ.

ಕೆಲಸಕ್ಕೆ ತುರ್ತು ಇದೆ. ಮುಂಬಯಿಯಲ್ಲಿ ಚಾಳುಗಳು ಒಂದರ ಮೇಲೊಂದು ಬೀಳುತ್ತಿವೆ, ಅವುಗಳ ಜಾಗಕ್ಕೆ ಗೋಪುರ ಏಳುತ್ತಿದೆ. ಹೊಸ ಫ್ಲ್ಯಾಟಿನಲ್ಲಿ ಮಾಂಡಣಿಯೂ ಇಲ್ಲ, ಮಾಳಾವೂ ಇಲ್ಲ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಭಂಗಾರದವನು ತಕ್ಕಡಿ ಹಿಡಿದು ಬಾಗಿಲಲ್ಲೇ ನಿಂತಿರುತ್ತಾನೆ. ಎಲ್ಲವನ್ನೂ ಇಟ್ಟುಕೊಳ್ಳಲು ಸಾಧ್ಯವಿಲ್ಲ, ಒಪ್ಪಿದೆ. ತೂಕಕ್ಕೆ ಹಾಕುವ ಮೊದಲು ಹೆಸರು, ಊರು, ತಾರೀಕು ಒಂದು ನೋಟುಬುಕ್ಕಿನಲ್ಲಿ ಇಳಿಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಸಾಕು. ಖರ್ಚಿಲ್ಲದ ಕೆಲಸ. ಇಲ್ಲಿನ ಸಂಘಗಳು ಇಂಥ ನೋಟುಬುಕ್ಕುಗಳನ್ನು ಸೇರಿಸಿದರೆ ಒಳ್ಳೆಯ ದಫ್ತರವೇ ಆದೀತು.

ಊರಿನ ಓದುಗರಲ್ಲೂ ಒಂದು ಮಾತು. ಈ ಲೆಕ್ಕದ ಇನ್ನೊಂದು ಪುಟ ನಿಮ್ಮ ಅಟ್ಟದ ಮೇಲಿದೆ. ಮುಂಬಯಿಯ ಅಣ್ಣನೋ ಮಾವನೋ ಜಾತ್ರೆಗೆ ಬರುವಾಗ ಹೊತ್ತು ತಂದ ಟ್ರಾನ್ಸಿಸ್ಟರು, ತಂಗಿಯ ಮದುವೆಗೆ ಕಳಿಸಿದ ಸ್ಟೀಲಿನ ಕೊಡ, ಮೂಲೆಗೆ ಬಿದ್ದ ತಗಡಿನ ಟ್ರಂಕು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ವಿಳಾಸ ಇರಬಹುದು, ಯಾವ ಚಾಳು, ಯಾವ ಖೋಲಿ ಅಂತ. ಒಮ್ಮೆ ಧೂಳು ಒರೆಸಿ ನೋಡಿ. ಅಲ್ಲಿ ಬರೆದಿರುವ ಮನೆ ಇಲ್ಲಿ ಈಗ ಇಲ್ಲದೇ ಇರಬಹುದು.